ಕೋಲ್ಡ್ ಫಾರ್ಮ್ಡ್ ಸ್ಟೀಲ್: 15 ಮಿಲಿಮೀಟರ್ ಲಿಪ್‌ನ ಕಥೆ

ಕಳೆದ ರಜೆಯಲ್ಲಿ ಒಂದು ಶೆಡ್ ಕಟ್ಟೋದನ್ನ ನೋಡೋಕೆ ಹೋಗಿದ್ದೆ. ಛಾವಣಿಯಲ್ಲಿ ಸಾಲಾಗಿ ಸಿ ಆಕಾರದ ಪರ್ಲಿನ್‌ಗಳು. ಪೈಪ್‌ಗೆ ಅಡ್ಡ ಬಂತು ಅಂತ ಕೆಲಸದವರು ಒಂದು ಪರ್ಲಿನ್ನಿನ ನಡುಭಾಗದಲ್ಲಿ, ಕೆಳಗಿನ ಅಂಚಿಗೆ ಮಡಿಚಿದ್ದ ಸಣ್ಣ ಪಟ್ಟಿಯನ್ನ ಒಂದು ಅಡಿಯಷ್ಟು ಗ್ರೈಂಡರ್‌ನಲ್ಲಿ ಕತ್ತರಿಸಿದರು. "ಬರೀ 15 ಎಂಎಂ ಅಲ್ವಾ, ಏನಾಗುತ್ತೆ?" ಅಂದರು. ನಾನೂ ಸುಮ್ಮನಿದ್ದೆ. ಆ ಪಟ್ಟಿಗೆ ಲಿಪ್ ಅಂತ ಹೆಸರು. ಅದು ಏನು ಕೆಲಸ ಮಾಡುತ್ತೆ ಅನ್ನೋದೇ ಈ ಲೇಖನ.

ಮೊದಲು ಬೇಸಿಕ್ಸ್. ನಮಗೆ ಗೊತ್ತಿರುವ ಐ ಬೀಮ್‌ಗಳನ್ನ ಉಕ್ಕು ಕೆಂಪಗೆ ಕಾದಿರುವಾಗಲೇ ರೋಲ್ ಮಾಡ್ತಾರೆ. ಕೋಲ್ಡ್ ಫಾರ್ಮ್ಡ್ ಸ್ಟೀಲ್ ಹಾಗಲ್ಲ. ತೆಳು ತಗಡನ್ನ ಕಾಯಿಸದೆ, ಸಾಮಾನ್ಯ ತಾಪಮಾನದಲ್ಲೇ ಸಿ ಅಥವಾ ಝಡ್ ಆಕಾರಕ್ಕೆ ಮಡಿಚ್ತಾರೆ. ದಪ್ಪ ಹೆಚ್ಚಾಗಿ 1ರಿಂದ 3 ಮಿ.ಮೀ. ಅಷ್ಟೇ. ಶೆಡ್‌ನ ಪರ್ಲಿನ್, ಗೋಡೌನ್ ರ್ಯಾಕ್, ಸೋಲಾರ್ ಪ್ಯಾನೆಲ್ ಸ್ಟ್ಯಾಂಡ್, ಎಲ್ಲ ಕಡೆ ಇದೇ.

ಒಂದು ಎ4 ಹಾಳೆ ತಗೊಂಡು ನೆಟ್ಟಗೆ ನಿಲ್ಲಿಸಿ ನೋಡಿ. ಬಿದ್ದುಹೋಗುತ್ತೆ. ಅದನ್ನೇ ಸಿ ಆಕಾರಕ್ಕೆ ಮಡಿಚಿದರೆ ನಿಲ್ಲುತ್ತೆ. ಹಾಳೆ ಬದಲಾಗಿಲ್ಲ, ಆಕಾರ ಬದಲಾಯಿತು. ತೆಳು ಉಕ್ಕಿನ ಡಿಸೈನ್ ನಿಂತಿರೋದು ಇದರ ಮೇಲೆ.

ಯಾಕೆ ಅಂತ ಲೆಕ್ಕದಲ್ಲಿ ನೋಡೋಣ. ತೆಳು ಪ್ಲೇಟನ್ನ ಒತ್ತಿದರೆ ಅದು ಯೀಲ್ಡ್ ಆಗೋ ಮೊದಲೇ ಅಲೆಅಲೆಯಾಗಿ ಬಾಗುತ್ತೆ. ಇದು ಲೋಕಲ್ ಬಕ್ಲಿಂಗ್. ಉಕ್ಕಿಗೆ ಸೂತ್ರ ಹೀಗೆ:

ಬಕ್ಲಿಂಗ್ ಸ್ಟ್ರೆಸ್ ≈ ಕೆ × 1,80,000 × (ದಪ್ಪ ÷ ಅಗಲ)² ಮೆಗಾಪ್ಯಾಸ್ಕಲ್

ಇಲ್ಲಿ ಕೆ ಅನ್ನೋದು ಅಂಚುಗಳಿಗೆ ಎಷ್ಟು ಆಧಾರ ಇದೆ ಅನ್ನೋದರ ಮೇಲೆ ನಿಲ್ಲುತ್ತೆ. ಎರಡೂ ಉದ್ದದ ಅಂಚಿಗೆ ಆಧಾರ ಇದ್ದರೆ 4. ಒಂದು ಅಂಚು ಗಾಳಿಯಲ್ಲಿದ್ದರೆ ಬರೀ 0.43.

ಈಗ 50 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಫ್ಲೇಂಜ್ ತಗೊಳ್ಳಿ. ಯೀಲ್ಡ್ ಸ್ಟ್ರೆಸ್ 350 ಇರಲಿ. ಸಾಕಷ್ಟು ಗಟ್ಟಿಯಾದ ಲಿಪ್ ಇದ್ದರೆ ಅದು ಎರಡನೇ ಅಂಚಿಗೆ ಆಧಾರ ಆಗುತ್ತೆ. ಆಗ ಬಕ್ಲಿಂಗ್ ಸ್ಟ್ರೆಸ್ ಸುಮಾರು 650. ಯೀಲ್ಡ್‌ಗಿಂತ ಎಷ್ಟೋ ಮೇಲೆ, ಹಾಗಾಗಿ ಫ್ಲೇಂಜ್ ಬಹುತೇಕ ಪೂರ್ತಿ ಕೆಲಸ ಮಾಡುತ್ತೆ. ಲಿಪ್ ಕತ್ತರಿಸಿದರೆ? ಸುಮಾರು 70. ಒಂಬತ್ತು ಪಟ್ಟು ಕಮ್ಮಿ!

ಹಾಗಂತ ಬಕಲ್ ಆದ ತಕ್ಷಣ ಪ್ಲೇಟ್ ಕುಸಿಯಲ್ಲ. 150 ಮಿ.ಮೀ. ಅಗಲದ, ಎರಡೂ ಅಂಚಿಗೆ ಆಧಾರ ಇರುವ 1.5 ಮಿ.ಮೀ. ಪ್ಲೇಟ್ 72ಕ್ಕೇ ಬಕಲ್ ಆಗುತ್ತೆ. ಆದರೆ ನಡುಭಾಗ ಕೈಬಿಟ್ಟರೂ ಅಂಚಿನ ಹತ್ತಿರದ ಭಾಗಗಳು ಭಾರ ಹೊರುತ್ತಾ ಇರ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ವಿಂಟರ್ 1939ರಿಂದ ಇಂಥ ಪ್ರಯೋಗಗಳನ್ನ ನಡೆಸಿ, ಲೆಕ್ಕಕ್ಕೆ ಹಿಡಿಯಬೇಕಾದ "ಎಫೆಕ್ಟಿವ್ ವಿಡ್ತ್"ಗೆ ಸೂತ್ರ ಕೊಟ್ಟರು. ಆ ಕೆಲಸದ ಮೇಲೆಯೇ 1946ರಲ್ಲಿ ಅಲ್ಲಿನ ಮೊದಲ ಕೋಡ್ ಬಂತು. ಇಂದು ಬಳಕೆಯಲ್ಲಿರುವ ರೂಪದ ಪ್ರಕಾರ ನಮ್ಮ 150ರಲ್ಲಿ ಕೆಲಸಕ್ಕೆ ಬರೋದು ಸುಮಾರು 61 ಮಿ.ಮೀ. ನಡುವೆ ಉದ್ದಕ್ಕೂ ಒಂದು ಗಟ್ಟಿ ಮಡಿಕೆ ಹಾಕಿದರೆ ಅದು 75ರ ಎರಡು ಪ್ಲೇಟ್ ಥರ ವರ್ತಿಸುತ್ತೆ. ಆಗ 61 ಇದ್ದದ್ದು ಸುಮಾರು 109 ಆಗುತ್ತೆ. ಉಕ್ಕು ಹೆಚ್ಚಿದ್ದು ಸ್ವಲ್ಪವೇ.

ಇಲ್ಲಿ ಒಂದು ಡೌಟ್ ಬರಬಹುದು. ಛಾವಣಿಯ ಭಾರಕ್ಕೆ ಪರ್ಲಿನ್ ಕೆಳಕ್ಕೆ ಬಾಗಿದರೆ, ನಡುಭಾಗದಲ್ಲಿ ಕೆಳಗಿನ ಫ್ಲೇಂಜ್ ಟೆನ್ಷನ್‌ನಲ್ಲಿರುತ್ತೆ. ಟೆನ್ಷನ್‌ನಲ್ಲಿ ಬಕ್ಲಿಂಗ್ ಎಲ್ಲಿಂದ ಬರಬೇಕು? ಕೆಳಗಿನ ಲಿಪ್ ಕತ್ತರಿಸಿದರೆ ನಷ್ಟ ಏನು?

ಜೋರು ಗಾಳಿ ಬಂದಾಗ ಉತ್ತರ ಸಿಗುತ್ತೆ. ಛಾವಣಿಯ ಮೇಲೆ ಹರಿಯುವ ಗಾಳಿ ಶೀಟನ್ನ ಮೇಲಕ್ಕೆ ಎಳೆಯುತ್ತೆ. ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿಂದಲೂ ತಳ್ಳುತ್ತೆ. ತಗಡಿನ ಛಾವಣಿ ಹಗುರ, ಅದನ್ನ ತಡೆಯುವಷ್ಟು ತೂಕ ಇಲ್ಲ. ಆಗ ಪರ್ಲಿನ್ ಮೇಲಕ್ಕೆ ಬಾಗಿ, ಕೆಳಗಿನ ಫ್ಲೇಂಜ್‌ಗೇ ಕಂಪ್ರೆಷನ್ ಬರುತ್ತೆ. ಮೇಲಿನ ಫ್ಲೇಂಜನ್ನ ಸ್ಕ್ರೂ ಹಾಕಿದ ಶೀಟ್ ಹಿಡಿದಿರುತ್ತೆ, ಕೆಳಗಿನದಕ್ಕೆ ಆ ಆಸರೆ ಇಲ್ಲ. ಇರುವ ಲಿಪ್ಪನ್ನೂ ಕತ್ತರಿಸಿದ್ದರೆ ಅಲ್ಲೇ ಮೊದಲು ಮುದುಡುತ್ತೆ. ದಿನಾ ನೋಡಿದರೆ ಗಟ್ಟಿಯಾಗೇ ಕಾಣುವ ಶೆಡ್, ಗಾಳಿ ಬಂದ ದಿನ ಕೈಕೊಡಬಹುದು.

ನಮ್ಮ ದೇಶದಲ್ಲಿ ಈ ಡಿಸೈನ್‌ಗೆ ಇರುವ ಕೋಡ್ ಐಎಸ್ 801, 1975ರದ್ದು. ಲೋಡ್‌ಗಾಗಿ ಐಎಸ್ 875ರ 3ನೇ ಭಾಗ ನೋಡಿ, ಅದು ಗಾಳಿಗೇ ಮೀಸಲು. ಎರಡನ್ನೂ ಲೈಬ್ರರಿಯಲ್ಲಿ ಒಮ್ಮೆ ತೆರೆದು ನೋಡಿ.

ಸೈಟ್‌ನಲ್ಲಿ ಯಾರಾದರೂ ಪರ್ಲಿನ್‌ಗೆ ಗ್ರೈಂಡರ್ ಹಚ್ಚೋಕೆ ಹೋದರೆ, "ಅಣ್ಣಾ, ಸ್ವಲ್ಪ ತಡೀರಿ, ಡಿಸೈನ್ ಮಾಡಿದವರನ್ನ ಒಂದು ಮಾತು ಕೇಳೋಣ" ಅನ್ನಿ. ಪೈಪನ್ನ ನಾಲ್ಕು ಇಂಚು ಕೆಳಗೆ ಒಯ್ಯಬಹುದು. ಕತ್ತರಿಸಿದ ಲಿಪ್ಪನ್ನ ಮತ್ತೆ ಮೊದಲಿನ ಹಾಗೆ ಮಾಡೋದು ಸುಲಭ ಅಲ್ಲ. ಆವತ್ತು ನಾನು ಹೇಳಬೇಕಿದ್ದ ಮಾತು ಇದೇ.