ಮುಂದ್ರಾದ ಮೀನುಗಾರರು ಮತ್ತು ಸಾರ್ವಜನಿಕ ಹಣ

ನಾವಿರುವುದು ಎಣ್ಣೆಯ ನಾಡಿನಲ್ಲಿ. ನಮ್ಮಲ್ಲಿ ಅನೇಕರ ಮನೆಯ ಅನ್ನ, ಮಕ್ಕಳ ಶಾಲಾ ಶುಲ್ಕ ಎಲ್ಲವೂ ಎಣ್ಣೆಯ ಸಂಬಳದಿಂದಲೇ ಬರುತ್ತವೆ. ಹೀಗಿರುವಾಗ, ಬಡ ದೇಶಗಳ ಕಲ್ಲಿದ್ದಲು ಯೋಜನೆಗಳಿಗೆ ಸಾರ್ವಜನಿಕ ಹಣ ಕೊಡಬಾರದು ಎನ್ನಲು ನಮಗೇನು ಹಕ್ಕು? ಪರಿಸರ ಪಾಠದ ನಡುವೆ ವಿದ್ಯಾರ್ಥಿಯೊಬ್ಬ ಕೇಳಿದ ಈ ಪ್ರಶ್ನೆ ನಮ್ಮನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಉತ್ತರ ಹುಡುಕುತ್ತಾ ನಾವು ನಮ್ಮ ದೇಶದ್ದೇ ಒಂದು ಕಡಲ ತೀರಕ್ಕೆ ಬಂದೆವು.

ಗುಜರಾತಿನ ಕಛ್ ಜಿಲ್ಲೆಯ ಮುಂದ್ರಾದಲ್ಲಿ ಟಾಟಾ ಪವರ್ ಕಂಪನಿಯ ಸುಮಾರು 4000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಇದಕ್ಕೆ 2008ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಗಮ 45 ಕೋಟಿ ಡಾಲರ್ ಸಾಲ ಒಪ್ಪಿತು. ಈ ನಿಗಮ ವಿಶ್ವಬ್ಯಾಂಕ್ ಸಮೂಹದ ಅಂಗ. ಅದರ ಒಡೆಯರು 180ಕ್ಕೂ ಹೆಚ್ಚು ಸದಸ್ಯ ದೇಶಗಳು. ಭಾರತವೂ ಅವುಗಳಲ್ಲಿ ಒಂದು. ಸಾರ್ವಜನಿಕ ಹಣ ಎಂದರೆ ಇದೇ. ಬೇರೆ ಯಾರದೋ ಅಲ್ಲ, ತೆರಿಗೆ ಕಟ್ಟುವ ಎಲ್ಲರದು.

ಆ ತೀರದಲ್ಲಿ ಮೀನುಗಾರ ಕುಟುಂಬಗಳು ವರ್ಷದ ಹಲವು ತಿಂಗಳು ಕಡಲಂಚಿನಲ್ಲೇ ಗುಡಿಸಲು ಹಾಕಿಕೊಂಡು ಇರುತ್ತವೆ. ಮೀನು ಹಿಡಿದು, ಬಿಸಿಲಿಗೆ ಒಣಗಿಸಿ ಮಾರುತ್ತವೆ. (ನಮ್ಮ ಕರಾವಳಿಯವರಿಗೆ ಒಣಮೀನಿನ ಅಂಗಳವನ್ನು ವರ್ಣಿಸಬೇಕಾಗಿಲ್ಲ.) ಸ್ಥಾವರ ತನ್ನ ಯಂತ್ರಗಳನ್ನು ತಂಪಾಗಿಡಲು ಸಮುದ್ರದ ನೀರು ಎಳೆದುಕೊಂಡು, ಬಿಸಿಯಾದ ನೀರನ್ನು ಮತ್ತೆ ಸಮುದ್ರಕ್ಕೇ ಬಿಡುತ್ತದೆ. ಇದರಿಂದ ತೀರದ ಮೀನು ಕಡಿಮೆಯಾಯಿತು, ಒಣಹಾಕಿದ ಮೀನಿನ ಮೇಲೆ ಕಲ್ಲಿದ್ದಲ ಪುಡಿ ಮತ್ತು ಹಾರುಬೂದಿ ಬೀಳುತ್ತದೆ, ಅಂತರ್ಜಲ ಉಪ್ಪಾಯಿತು ಎಂಬುದು ಅವರ ದೂರು. 2011ರಲ್ಲಿ ನಿಗಮದ ದೂರು ವಿಚಾರಣಾ ವಿಭಾಗಕ್ಕೆ ಅವರು ಮೊರೆಯಿಟ್ಟರು. ಸಾಲ ಕೊಡುವ ಮುನ್ನ ಈ ಮೀನುಗಾರರಿಗೆ ಆಗಬಹುದಾದ ತೊಂದರೆಯನ್ನು ನಿಗಮ ಸರಿಯಾಗಿ ಪರಿಶೀಲಿಸಿರಲಿಲ್ಲ ಎಂದು 2013ರಲ್ಲಿ ಬಂದ ವರದಿ ಹೇಳಿತು. ಸಾಲ ಕೊಟ್ಟವರ ಮನೆಯೊಳಗಿನ ವರದಿಯೇ ಹೀಗೆ ಹೇಳಿತೆಂಬುದನ್ನು ಗಮನಿಸಿ.

ಪರಿಹಾರ ಕಾಣದೆ ಅವರು 2015ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಹೋದರು. 1945ರ ಕಾನೂನಿನಂತೆ ತನ್ನ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ನಿಗಮ ವಾದಿಸಿತು. 2019ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್ ಏಳು–ಒಂದು ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು. ಕಛ್‌ನ ಮೀನುಗಾರರು ವಾಷಿಂಗ್ಟನ್‌ನಲ್ಲಿ ಗೆದ್ದರು! ಆದರೆ ಪಾಠ ಇಲ್ಲಿಗೆ ಮುಗಿಯುವುದಿಲ್ಲ. ತೊಂದರೆ ನಡೆದದ್ದು ಭಾರತದಲ್ಲಿ, ಆದ್ದರಿಂದ ಈ ಮೊಕದ್ದಮೆ ಇಲ್ಲಿ ನಿಲ್ಲದು ಎಂದು ಕೆಳ ನ್ಯಾಯಾಲಯ 2020ರಲ್ಲಿ ಹೇಳಿತು. ಮೇಲ್ಮನವಿಯೂ 2021ರಲ್ಲಿ ಬಿದ್ದುಹೋಯಿತು.

ಇನ್ನೊಂದು ಪಕ್ಷವನ್ನೂ ಕೇಳಬೇಕು. ಬಡವರ ಮನೆಗೆ ದೀಪ ಬೇಡವೇ? ಖಂಡಿತ ಬೇಕು. ಮುಂದ್ರಾದ ವಿದ್ಯುತ್ತು ಐದು ರಾಜ್ಯಗಳಿಗೆಂದೇ ಯೋಜಿಸಿದ್ದು. ಯೂನಿಟ್ಟಿಗೆ ಸುಮಾರು 2.26 ರೂಪಾಯಿ ಎಂಬ ಅಗ್ಗದ ದರವನ್ನೂ ಒಪ್ಪಿಕೊಂಡಿದ್ದರು. ಆದರೆ ಕಲ್ಲಿದ್ದಲು ಬರಬೇಕಾದದ್ದು ಇಂಡೋನೇಷ್ಯಾದಿಂದ. ಆ ದೇಶ ರಫ್ತಿನ ಬೆಲೆಯ ನಿಯಮ ಬದಲಿಸಿದಾಗ ಸ್ಥಾವರ ಭಾರೀ ನಷ್ಟಕ್ಕೆ ಬಿತ್ತು. ಪರರ ಗಣಿಯನ್ನು ನಂಬಿದ ಅಗ್ಗದ ದರ ಉಳಿಯಲಿಲ್ಲ.

ಅದೇ ನಿಗಮ ಮುಂದೆ ಮಧ್ಯಪ್ರದೇಶದ ರೇವಾ ಸೌರ ಯೋಜನೆಗೆ ಸಲಹೆಗಾರನಾಯಿತು. 750 ಮೆಗಾವಾಟ್‌ನ ಆ ಯೋಜನೆಗೆ 2017ರಲ್ಲಿ ಬಂದ ಮೊದಲ ವರ್ಷದ ದರ 2.97 ರೂಪಾಯಿ. ಸೂರ್ಯನ ಬೆಲೆಯನ್ನು ಯಾವ ದೇಶವೂ ಏರಿಸಲಾರದು. ರಾತ್ರಿ ಸೂರ್ಯನಿಲ್ಲ ಎಂಬುದೂ ನಿಜ. ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿನಲ್ಲಿ ಜಮೀನನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದು ಬಾಡಿಗೆ ಕೊಡುತ್ತಾರೆ. ಜಮೀನೇ ಇಲ್ಲದ ಕೂಲಿಯವರಿಗೆ ಆ ಬಾಡಿಗೆ ಸಿಗದು. ಅಲ್ಲಿಯೂ ಕೇಳಬೇಕಾದ ಪ್ರಶ್ನೆಗಳಿವೆ.

ನಮ್ಮ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರ ಇಷ್ಟು: ಎಣ್ಣೆಯ ಸಂಬಳ ತಿನ್ನುವುದು ತಪ್ಪಲ್ಲ, ಆದರೆ ಮೂವತ್ತು ನಲವತ್ತು ವರ್ಷ ಹೊಗೆಯುಗುಳುವ ಹೊಸ ಸ್ಥಾವರಕ್ಕೆ ಎಲ್ಲರ ಹಣ ಕೊಡುವುದನ್ನು ನಾವು ಒಪ್ಪುವುದಿಲ್ಲ. ಆತ ಪೂರ್ತಿ ಒಪ್ಪಲಿಲ್ಲ. ಚರ್ಚೆ ಮುಂದಿನ ತರಗತಿಗೂ ಹೋಯಿತು.

ಮನೆಯಲ್ಲಿ ಮಾಡಿ: ಭೂಪಟದಲ್ಲಿ ಮುಂದ್ರಾ, ರೇವಾ, ಪಾವಗಡಗಳನ್ನು ಗುರುತಿಸಿ. ನಿಮ್ಮ ಊರಿನ ಮನೆಗೆ ವಿದ್ಯುತ್ತು ಯಾವ ಸ್ಥಾವರದಿಂದ ಬರುತ್ತದೆಂದು ಅಜ್ಜ ಅಜ್ಜಿಯರಿಗೆ ಫೋನ್ ಮಾಡಿ ಕೇಳಿ ಬರೆದುತನ್ನಿ.