ಗಾಳಕ್ಕೆ ಅಳಿವೆ, ಡೇರೆಗೆ ಘಟ್ಟದ ಬುಡ

ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನಲ್ಲಿ ಜೀಪು ಓಡಿಸಿ, ಸಂಜೆಯಾದಲ್ಲಿ ಡೇರೆ ಹಾಕಿ, ಪಕ್ಕದ ಹೊಳೆಯ ಮೀನು ಸುಟ್ಟು ತಿನ್ನುವ ವಿಡಿಯೊಗಳಿಗೆ ಮಣಿಪಾಲದ ಹಾಸ್ಟೆಲುಗಳಲ್ಲೂ ನೋಡುಗರಿದ್ದಾರೆ. ಅದನ್ನೇ ಉಡುಪಿ ಜಿಲ್ಲೆಯಲ್ಲಿ ಮಾಡಹೊರಟರೆ ಮೊದಲ ರಾತ್ರಿಯೇ ಯಾರಾದರೂ ಟಾರ್ಚ್ ಹಿಡಿದು ಬಂದು ವಿಚಾರಿಸುತ್ತಾರೆ. ಕಡಲ ಬದಿಯಲ್ಲಾದರೆ ತೋಟದವರು, ಘಟ್ಟದ ಬುಡದಲ್ಲಾದರೆ ಅರಣ್ಯ ಇಲಾಖೆಯವರು. ಮೀನು ಹಿಡಿಯುವ ರಾತ್ರಿಯನ್ನೂ ಕಾಡಿನ ರಾತ್ರಿಯನ್ನೂ ಬೇರೆ ಬೇರೆ ಇಟ್ಟುಕೊಂಡರೆ ಎರಡು ದಿನದ ತಿರುಗಾಟ ಸಲೀಸಾಗಿ ಮುಗಿಯುತ್ತದೆ.

ಮೊದಲು ತಿಂಗಳು ನೋಡಿಕೊಳ್ಳಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಹದವಾದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ದಡದಲ್ಲಿ ಗಾಳ ಹಾಕುವವರನ್ನು ಆ ನಿಷೇಧ ತಡೆಯದಿದ್ದರೂ ತೂಫಾನಿನ ಕಡಲು ತಡೆಯುತ್ತದೆ.

ಮೊದಲ ದಿನಕ್ಕೆ ಮಲ್ಪೆಯಿಂದ ಪಡುಕೆರೆ, ಮಟ್ಟು ದಾಟಿ ಕಾಪುವಿನ ಕಡೆಗೆ ಇಳಿಯುವ ದಾರಿ ಚೆಂದ. ಒಂದು ಬದಿಗೆ ಉದ್ಯಾವರ ಹೊಳೆ, ಇನ್ನೊಂದು ಬದಿಗೆ ಕಡಲು. ಉತ್ತರಕ್ಕೆ ಹೋಗುವವರಿಗೆ ಸುವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆ ಇದೆ. ಹೊಸಬರನ್ನು ಹೆಚ್ಚು ಸೆಳೆಯುವುದು ಮಾತ್ರ ಕಾಪುವಿನ ಬಂಡೆಗಳು, 1901ರ ದೀಪಸ್ತಂಭ ನಿಂತಿರುವ ಜಾಗ. ಅಲ್ಲಿ ಗಾಳ ಹಾಕದಿರುವುದೇ ಲೇಸು. ಪಾಚಿ ಹಿಡಿದ ಬಂಡೆಯ ಮೇಲೆ ಅಲೆಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರ ಸಾಹಸವೇ ಸಾಕಷ್ಟಾಯಿತು.

ಸಲಕರಣೆಗೆ ದುಬಾರಿ ರಾಡು, ರೀಲು ಬೇಕೆಂದಿಲ್ಲ. ತಂಗೂಸಿನ ಒಂದು ಸುರುಳಿ, ಸಣ್ಣ ಮತ್ತು ಮಧ್ಯಮ ಗಾತ್ರದ ಕೆಲವು ಗಾಳ, ಸೀಸದ ಗುಂಡು, ಒಂದು ಇಕ್ಕಳ ಇದ್ದರೆ ಕೆಲಸ ನಡೆಯುತ್ತದೆ. ಮೀನುಗಾರರು ಕೊಳ್ಳುವ ಬಲೆ ಅಂಗಡಿಯಲ್ಲಿ ಇವು ಸಿಗುತ್ತವೆ. ಯಾವ ಹೊಳೆಗೆ ಯಾವ ಗಾತ್ರದ ಗಾಳ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಅಳಿವೆಯ ಮೀನಿಗೆ ಸಿಗಡಿ ಅಥವಾ ಬೂತಾಯಿಯ ತುಂಡು, ಸಿಹಿನೀರಿನ ಮುಗುಡಿಗೆ ಎರೆಹುಳ.

ನಿಜವಾದ ಲೆಕ್ಕವಿರುವುದು ಭರತ–ಇಳಿತದಲ್ಲಿ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದು ಸಂಜೆ 5ಕ್ಕೆ ತುಂಬಿದ ನೀರು ನಾಳೆ ತುಂಬುವುದು 5.50ರ ಹೊತ್ತಿಗೆ. ನೀರು ಏರುತ್ತಾ ಬರುವ ಕೊನೆಯ ಎರಡು ತಾಸು ಮತ್ತು ಇಳಿಯಲು ತೊಡಗುವ ಮೊದಲ ತಾಸು ಗಾಳಕ್ಕೆ ಒಳ್ಳೆಯದು: ಕಡಲ ನೀರಿನ ಜೊತೆ ಮೀನೂ ಮೇವು ಹುಡುಕಿಕೊಂಡು ಹೊಳೆಗೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು. ಇಳಿತದ ಹೊತ್ತಿನಲ್ಲಿ ಅಳಿವೆಯ ಮರಳದಿಬ್ಬಕ್ಕೆ ನಡೆದು ಹೋದವರು ಭರತಕ್ಕೆ ಮುಂಚೆ ದಡ ಸೇರಲೇಬೇಕು. ಡೇರೆಯನ್ನೂ ಹಿಂದಿನ ಭರತ ಬಿಟ್ಟುಹೋದ ಕಸದ ಗೆರೆಗಿಂತ ಸಾಕಷ್ಟು ಮೇಲೆ ಹಾಕಬೇಕು, ಅದೂ ಜಾಗದ ಯಜಮಾನರನ್ನು ಕೇಳಿದ ಮೇಲೆ. ತೆಂಗಿನ ಮರದ ಕೆಳಗಂತೂ ಬೇಡ.

ಕಾಣೆ ಮೀನು ಸಿಕ್ಕಿದರೆ ಅದೃಷ್ಟ. ತೇಡೆ ಅಥವಾ ತೊರಕೆ ಸಿಕ್ಕಿದರೆ ಎಚ್ಚರ. ತೇಡೆಯ ರೆಕ್ಕೆಮುಳ್ಳಿಗೂ ತೊರಕೆಯ ಬಾಲದ ಮುಳ್ಳಿಗೂ ವಿಷವಿದೆ. ಇಕ್ಕಳ ತಂದಿರುವುದು ಇದಕ್ಕೇ. ಚುಚ್ಚಿದರೆ ಚರ್ಮ ಸುಡದ, ತಾಳಿಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಆ ಭಾಗವನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮುಳುಗಿಸಿಡಬೇಕು. ನೋವು ತಗ್ಗುತ್ತದೆ. ಮುಳ್ಳು ಮುರಿದು ಒಳಗುಳಿದಿದ್ದರೆ ಆಸ್ಪತ್ರೆಯೇ ದಾರಿ.

ಒಲೆಗೆ ಮರ ಕಡಿಯುವ ಪ್ರಶ್ನೆಯೇ ಇಲ್ಲ. ತೋಟದವರು ಒಪ್ಪಿದರೆ ಒಣ ಮಡಲು, ಕೊತ್ತಳಿಗೆ, ಗೆರಟೆ ಧಾರಾಳ. ಗೆರಟೆಯ ಕೆಂಡ ಮೀನು ಸುಡಲು ಹೇಳಿ ಮಾಡಿಸಿದ್ದು. ಕುಚ್ಚಲಕ್ಕಿ ಬೇಯಲು ತುಂಬ ಹೊತ್ತು ಬೇಕು, ಮೀನಿಗಿಂತ ಮೊದಲು ಒಲೆಗೇರಿಸಬೇಕು. ಗುಂಪಿನಲ್ಲಿ ಮೀನು ತಿನ್ನದ ಗೆಳೆಯನಿದ್ದರೆ ಅವನಿಗೆ ಅವಲಕ್ಕಿ ಕೊಟ್ಟು ಕೈತೊಳೆದುಕೊಳ್ಳಬೇಕಿಲ್ಲ. 2011ರಲ್ಲಿ ಜಿಐ ಮಾನ್ಯತೆ ಪಡೆದ ಗುಳ್ಳ ಬದನೆ ಬೆಳೆಯುವುದು ಇದೇ ಮಟ್ಟುವಿನಲ್ಲಿ. ಅದನ್ನು ಕೆಂಡದಲ್ಲಿ ಸುಟ್ಟು, ಹುಳಿ, ಹಸಿಮೆಣಸು ಹಾಕಿ ಗೊಜ್ಜು ಮಾಡಿದರೆ ಮೀನು ತಿನ್ನುವವರೂ ಕೈ ಚಾಚುತ್ತಾರೆ.

ಎರಡನೆಯ ದಿನ ಗಾಳವನ್ನು ಡಿಕ್ಕಿಯಲ್ಲಿಟ್ಟು ಮರೆತುಬಿಡಬೇಕು. ಮಣಿಪಾಲ, ಹಿರಿಯಡ್ಕ, ಹೆಬ್ರಿ ದಾಟಿ ಆಗುಂಬೆಯ ಕಡೆಗೆ ಹೋಗುವ ಹೆದ್ದಾರಿ ಸೋಮೇಶ್ವರ ವನ್ಯಜೀವಿಧಾಮದೊಳಗೆ ಸಾಗುತ್ತದೆ. ಕಾರ್ಕಳದಿಂದ ಬಜಗೋಳಿ, ಮಾಳದ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಮುಟ್ಟುತ್ತದೆ. ಎರಡೂ ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯ: ಅನುಮತಿಯಿಲ್ಲದೆ ಕಾಡಿಗಿಳಿಯುವುದು, ಬೆಂಕಿ ಹಚ್ಚುವುದು, ಮೀನು ಹಿಡಿಯುವುದು ಯಾವುದೂ ಸಲ್ಲ. ಹೆಬ್ರಿ ಸಮೀಪ ಜಂಗಲ್ ಲಾಡ್ಜಸ್ ಸಂಸ್ಥೆಯ ಸೀತಾನದಿ ಶಿಬಿರವಿದೆ. ಮುಂಗಡ ಕಾದಿರಿಸಿದರೆ ಹೊಳೆಯ ಸದ್ದು ಕೇಳುತ್ತಾ ಕಾನೂನುಬದ್ಧವಾಗಿ ಮಲಗಬಹುದು. ಕಾರ್ಕಳ–ಹೆಬ್ರಿ ದಾರಿಯಲ್ಲಿ ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗಿಬರಬಹುದು, ಅಲ್ಲಿನ ಮೀನು ನೋಡುವುದಕ್ಕೆ ಮಾತ್ರ. ಇನ್ನು ತೋಟೆ ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದು ಯಾವ ಹೊಳೆಯಲ್ಲಾದರೂ ಅಪರಾಧ, 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ.

ಕಾಡಿನಂಚಿನಲ್ಲಿ ಆನೆ, ಚಿರತೆಗಿಂತ ಉಣ್ಣೆಗೆ ಹೆಚ್ಚು ಅಂಜಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ. ಅದರ ಹಾವಳಿ ಡಿಸೆಂಬರ್‌ನಿಂದ ಮೇ ತನಕ, ಅಂದರೆ ತಿರುಗಾಟದ ಕಾಲದಲ್ಲೇ. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸುವುದು, ಒಣಗಿದ ಎಲೆಗಳ ಮೇಲೆ ಕೂರದಿರುವುದು ಇಷ್ಟು ಕಡ್ಡಾಯ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಬೇಕು.

ಮನೆಗೆ ಮರಳಿದ ವಾರ, ಹತ್ತು ದಿನದೊಳಗೆ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ಮಾತ್ರೆ ನುಂಗಿ ಕಾಯುವಂತಿಲ್ಲ. ಕಾಡಿಗೂ ಹೋಗಿದ್ದೆವು, ಹೊಳೆಗೂ ಇಳಿದಿದ್ದೆವು ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಮಂಗನ ಕಾಯಿಲೆಯ ಜೊತೆ ಇಲಿಜ್ವರವನ್ನೂ ಪರೀಕ್ಷಿಸಬೇಕೇ ಎಂದು ಅವರು ನಿರ್ಧರಿಸುವುದು ಆ ಮಾತಿನ ಮೇಲೆ.