ಎರೆ ಭೂಮಿಯಲ್ಲಿ ಡಾಂಬರು ದಾರಿ: ಹಾಕಿಸುವ ಮುನ್ನ, ಹಾಕಿಸಿದ ಮೇಲೆ

(ಕಬ್ಬು ಅಭಿವೃದ್ಧಿ ಅಧಿಕಾರಿಗಳಿಂದ)



ಕಡಿದ ಕಬ್ಬು ಆದಷ್ಟು ಬೇಗ ಗಾಣ ಸೇರಬೇಕೆಂಬುದು ತಮಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಬಿಸಿಲಿಗೆ ಬಿದ್ದ ಕಬ್ಬಿನ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಒಡೆಯುತ್ತದೆ. ತೂಕದ ನಷ್ಟ ಒಬ್ಬರದು, ಉತಾರೆಯ ನಷ್ಟ ಎಲ್ಲ ಸಭಾಸದರದು. ನಮ್ಮ ಸೋಲಾಪುರ-ಅಕ್ಕಲಕೋಟೆ ಸೀಮೆಯಲ್ಲಿ ಸಪ್ಟೆಂಬರ್ ಮಳೆಯೇ ದೊಡ್ಡ ಮಳೆ; ಅದರ ಬೆನ್ನಿಗೇ ಹಂಗಾಮು. ತುಂಬಿದ ಟ್ರೇಲರು ಹೊಲದಿಂದ ದೊಡ್ಡ ರಸ್ತೆಗೆ ಬರುವ ಒಂದೆರಡು ಫರ್ಲಾಂಗಿನಲ್ಲಿಯೇ ಹೂತು ನಿಲ್ಲುವುದು ಇದೇ ಕಾರಣಕ್ಕೆ. ಆದ್ದರಿಂದ ಪಾಣಂದ ದಾರಿಗೆ ಡಾಂಬರು ಹಾಕಿಸಲು ಅಕ್ಕಪಕ್ಕದ ಹೊಲದವರು ಪಟ್ಟಿ ಕೂಡಿಸುವುದು ಒಳ್ಳೆಯ ವಿಚಾರವೇ. ಆದರೆ ಆ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಮಾಳಿಗೆ ಮನೆಯನ್ನು ನೆನೆಯಿರಿ. ಭಾರ ಹೊರುವುದು ತೊಲೆ-ಜಂತಿ. ಮೇಲಿನ ಮಣ್ಣು ನೀರನ್ನಷ್ಟೇ ತಡೆಯುತ್ತದೆ. ಹೊಲದ ದಾರಿಗೆ ಹಾಕುವ ತೆಳು ಡಾಂಬರೂ ಹಾಗೆಯೇ. ಟ್ರೇಲರಿನ ಭಾರವನ್ನು ಹೊರುವುದು ಕೆಳಗಿನ ಖಡಿ ಮತ್ತು ಮುರುಮ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಅಂಥ ಮಣ್ಣಿನ ಮೇಲೆ ನೇರವಾಗಿ ಖಡಿ ಸುರಿದರೆ ಮಣ್ಣು ಮೇಲಕ್ಕೆ ಬಂದು, ಖಡಿ ಕೆಳಕ್ಕೆ ಇಳಿದು, ಒಂದೇ ಮಳೆಗಾಲದಲ್ಲಿ ಎರಡೂ ಕಲಸಿಹೋಗುತ್ತವೆ. ಮೇಲಿನ ಡಾಂಬರು ಎಷ್ಟೇ ಚೆನ್ನಾಗಿರಲಿ, ಗಾಲಿಯ ಸಾಲಿನಲ್ಲಿ ಮೊಸಳೆಯ ಬೆನ್ನಿನಂತೆ ಒಡೆಯುತ್ತದೆ.

ಆದುದರಿಂದ ಎರೆಯ ಮೇಲೆ ಮೊದಲು ಅಂಟಿಲ್ಲದ ಗಟ್ಟಿ ಮುರುಮವನ್ನು ದಾರಿಯ ಪೂರ್ಣ ಅಗಲಕ್ಕೆ, ಅಂದರೆ ಪಕ್ಕದ ಅಂಚುಗಳನ್ನೂ ಸೇರಿಸಿ, ಸುಮಾರು ಒಂಬತ್ತು ಅಂಗುಲ ಹಾಸಿ ರೋಲರಿನಿಂದ ದಮ್ಮಸ್ಸು ಮಾಡಿಸಬೇಕು. ಒದ್ದೆ ಮಾಡಿ ಉಂಡೆ ಕಟ್ಟಿದರೆ ಕೈಗೆ ಅಂಟುವ ಮುರುಮವನ್ನು ತಿರುಗಿ ಕಳಿಸಿರಿ. ಅದರ ಮೇಲೆ ಖಡಿಯ ಎರಡು ಪದರ, ಒಂದೊಂದೂ ದಮ್ಮಸ್ಸಾದ ಮೇಲೆ ಮೂರು ಅಂಗುಲ ನಿಲ್ಲುವಂತೆ. ಖಡಿಯ ಸಂದಿಗಳಿಗೆ ಸಣ್ಣ ಚೂರು ತುಂಬಿ ನೀರು ಹಾಕಿ ರೋಲರು ಓಡಿಸಬೇಕು.

ಇಷ್ಟಾದ ಮೇಲೆ ಅವಸರ ಬೇಡ. ನನ್ನ ಸಲಹೆ ಕೇಳುವುದಾದರೆ, ಈ ಬೇಸಿಗೆಯಲ್ಲಿ ಮುರುಮ-ಖಡಿ ಮುಗಿಸಿ, ಒಂದು ಮಳೆಗಾಲ ಮತ್ತು ಒಂದು ಹಂಗಾಮಿನ ಗಾಡಿಗಳನ್ನು ಅದರ ಮೇಲೆ ಓಡಿಸಿರಿ. ಎಲ್ಲಿ ಕುಸಿಯಬೇಕೋ ಅಲ್ಲಿ ಕುಸಿಯಲಿ. ಕುಸಿದ ಕಡೆ ಸರಿಪಡಿಸಿ ಮುಂದಿನ ಬೇಸಿಗೆಗೆ ಡಾಂಬರು ಹಾಕಿಸಿದರೆ ಪಟ್ಟಿಯ ಹಣವೂ ಎರಡು ಕಂತಾಗುತ್ತದೆ. ದೀಪಾವಳಿಯ ಹೊತ್ತಿಗೆ ದಾರಿ ಕಪ್ಪಗೆ ಕಾಣಬೇಕೆಂಬ ಹಟದಿಂದ ಒದ್ದೆ ತಳದ ಮೇಲೆ ಹಾಕಿಸಿದ ಡಾಂಬರು ಮುಂದಿನ ದೀಪಾವಳಿಗೆ ಇರುವುದಿಲ್ಲ.

ಡಾಂಬರು ಹಾಕುವ ದಿನ ತಮ್ಮಲ್ಲಿ ಒಬ್ಬರು ನಿಂತು ನೋಡಬೇಕು. ಖಡಿಯ ಮೇಲಿನ ಧೂಳನ್ನು ಪೂರ್ತಿ ಗುಡಿಸಿ ತೆಳುವಾದ ಪ್ರೈಮ್ ಕೋಟ್ ಹಾಕಿ ಒಣಗಲು ಬಿಟ್ಟಿರಬೇಕು. ಹಾಸುವ ಮುನ್ನ ಅಂಟಿಗಾಗಿ ಟ್ಯಾಕ್ ಕೋಟ್ ಸಿಂಪಡಿಸಬೇಕು. ಮಿಶ್ರಣ ಕಪ್ಪಗೆ ಹೊಳೆಯುತ್ತಿರಬೇಕು. ಮಂಕಾಗಿ ಕಂದು ಬಣ್ಣಕ್ಕಿದ್ದರೆ ಡಾಂಬರು ಕಡಿಮೆ, ಇಲ್ಲವೇ ಸುಟ್ಟಿದೆ. ನೀಲಿ ಹೊಗೆ ಏಳುತ್ತಿದ್ದರೆ ಅತಿಯಾಗಿ ಕಾಯಿಸಿದ್ದಾರೆ. ಅಂಥ ಡಾಂಬರು ಬೇಗ ಪೆಡಸಾಗುತ್ತದೆ. ಉಷ್ಣತೆ 90-100 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ಮೊದಲೇ ರೋಲರಿನ ಕೆಲಸ ಮುಗಿಯಬೇಕು. ರೋಲರು ಅಂಚಿನಿಂದ ನಡುವಿಗೆ ಬರಬೇಕು. ಹಳೆಯ ಅಂದಾಜುಪಟ್ಟಿಗಳಲ್ಲಿ 80/100 ಎಂದಿರುತ್ತಿದ್ದ ಡಾಂಬರಿನ ದರ್ಜೆಗೆ ಬದಲಾಗಿ 2006ರ ಭಾರತೀಯ ಮಾನಕದಿಂದ ವಿ.ಜಿ.-10, ವಿ.ಜಿ.-30 ಎಂಬ ಹೆಸರುಗಳು ಬಂದಿವೆ. ಆದ್ದರಿಂದ ಅಕ್ಷರ ಬೇರೆ ಕಂಡಿತೆಂದು ಗಾಬರಿಯಾಗಬೇಡಿರಿ.

ಹಳ್ಳಿಯ ದಾರಿಗೆ ಸಾಮಾನ್ಯವಾಗಿ ಹಾಕುವುದು 20 ಮಿಲಿಮೀಟರ್ ದಪ್ಪದ ಕಾರ್ಪೆಟ್. ಇದರಲ್ಲಿ ಸಂದಿಗಳಿರುತ್ತವೆ, ನೀರು ಇಳಿಯುತ್ತದೆ. ಮೇಲೆ ಸೀಲ್ ಕೋಟ್ ಬಿದ್ದಾಗಲೇ ಅದು ಮುಚ್ಚುವುದು. ಹಣ ಸಾಲದೆ ಹೋದಾಗ ಗುತ್ತಿಗೆದಾರರು ಮೊದಲು ಬಿಡುವುದು ಇದನ್ನೇ, ನೋಡುವವರ ಕಣ್ಣಿಗೆ ವ್ಯತ್ಯಾಸವೂ ತಿಳಿಯುವುದಿಲ್ಲ. ಸೀಲ್ ಕೋಟಿಗೆ ಹಣ ಸಾಲದಿದ್ದರೆ ದಾರಿಯ ಉದ್ದವನ್ನು ಕಡಿಮೆ ಮಾಡಿರಿ.

ಇನ್ನು ನೀರಿನ ಮಾತು. ಮೂರು ಮೀಟರ್ ಅಗಲದ ದಾರಿಯಲ್ಲಿ ನಡುಭಾಗ ಅಂಚಿಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರವಿರಬೇಕು. ಅಡ್ಡ ದಾರ ಹಿಡಿದು ತಾವೇ ಅಳೆಯಬಹುದು. ಎರಡೂ ಬದಿಗೆ ಗಟಾರ ಬೇಕು, ಗಟಾರದ ನೀರು ಹೊರಗೆ ಹೋಗಲು ದಾರಿಯೂ ಬೇಕು. ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಒಂದು ಸಾಲು ಕಬ್ಬು ಹೆಚ್ಚು ಸಿಗಲೆಂದು ದಾರಿಯ ಅಂಚಿನವರೆಗೆ ನೇಗಿಲು ಹೊಡೆಯುವವರು, ಗಟಾರ ಮುಚ್ಚಿ ನೀರು ಹಾಯಿಸುವವರು ಪಟ್ಟಿ ಕೊಟ್ಟ ನಮ್ಮವರೇ. ಅಂಚಿನ ಮುರುಮ ಹೋದರೆ ಡಾಂಬರಿಗೆ ಆಸರೆ ತಪ್ಪಿ ಬದಿಯಿಂದ ಕಚ್ಚಿದಂತೆ ಮುರಿಯುತ್ತದೆ. ಕಾಲುವೆ ದಾಟುವ ಕಡೆ, ಹನಿ ನೀರಾವರಿಯ ಪೈಪು ದಾಟುವ ಕಡೆ, ತಳ ಹಾಕುವಾಗಲೇ ದೊಡ್ಡ ಸಿಮೆಂಟ್ ಪೈಪು ಹೂಳಿಸಿಬಿಡಿರಿ. ಆಮೇಲೆ ಅಗೆದ ಡಾಂಬರು ಮೊದಲಿನಂತೆ ಕೂಡುವುದಿಲ್ಲ.

ಭಾರದ ಬಗೆಗೂ ಎರಡು ಮಾತು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಒಟ್ಟಾವಾ ಊರಿನ ಹತ್ತಿರ, ಬೇರೆ ಬೇರೆ ಭಾರದ ಲಾರಿಗಳನ್ನು ಓಡಿಸಿ ರಸ್ತೆಗಳನ್ನು ಪರೀಕ್ಷಿಸಿದರು. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಯ ಹಾನಿ ಅದರ ಸುಮಾರು ನಾಲ್ಕನೆಯ ಘಾತಕ್ಕೆ ಏರುತ್ತದೆಂದು ಕಂಡುಬಂತು. ಲೆಕ್ಕ ಹಾಕಿ ನೋಡಿರಿ: ಭಾರ ಶೇಕಡಾ 20 ಹೆಚ್ಚಾದರೆ ಹಾನಿ ಎರಡು ಪಟ್ಟು, ಶೇಕಡಾ 50 ಹೆಚ್ಚಾದರೆ ಐದು ಪಟ್ಟು. ಟ್ರೇಲರಿನ ಮೇಲೆ ಇನ್ನೆರಡು ಸಾಲು ಹೇರಿಸಿ ಉಳಿಸಿದ ಡೀಸೆಲಿನ ಹಣವನ್ನು ದಾರಿಯ ರಿಪೇರಿಗೆ ಕೊಟ್ಟಂತಾಗುತ್ತದೆ.

ಗುಂಡಿ ಬಿದ್ದರೆ ಚಿಕ್ಕದಿರುವಾಗಲೇ ಮುಚ್ಚಬೇಕು. ಸಡಿಲು ಖಡಿ ಸುರಿದರೆ ಪ್ರಯೋಜನವಿಲ್ಲ. ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಚೌಕಾಕಾರವಾಗಿ, ಅಂಚು ನೆಟ್ಟಗಿರುವಂತೆ ಕತ್ತರಿಸಿ, ಒಣಗಿಸಿ, ಗುಡಿಸಿ, ಒಳಗೆಲ್ಲ ಟ್ಯಾಕ್ ಕೋಟ್ ಬಳಿದು, ಪದರ ಪದರವಾಗಿ ತುಂಬಿ ಕುಟ್ಟಬೇಕು. ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ಎತ್ತರ ಬಿಟ್ಟರೆ ಗಾಡಿಗಳು ಓಡಿ ಸಮವಾಗುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗುಂಡಿ ಬಿದ್ದರೆ ದೋಷ ಕೆಳಗಿದೆ; ಅಲ್ಲಿ ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಿರಿ.

ಗಾಡಿ ನಿಲ್ಲಿಸುವ ಅಂಗಳಕ್ಕೂ ಡಾಂಬರು ಬೇಕೆಂದು ಕೆಲವರು ಕೇಳುತ್ತಾರೆ. ನಾನು ಬೇಡವೆನ್ನುತ್ತೇನೆ. ತುಂಬಿದ ಟ್ರೇಲರು ಬಿಸಿಲಿನಲ್ಲಿ ತಾಸುಗಟ್ಟಲೆ ನಿಂತರೆ ಡಾಂಬರು ತಗ್ಗಾಗುತ್ತದೆ, ಸೋರಿದ ಡೀಸೆಲು ಅದನ್ನು ಕರಗಿಸುತ್ತದೆ. ನಿಲ್ಲುವ ಜಾಗಕ್ಕೆ ಕಾಂಕ್ರೀಟು, ಓಡುವ ಜಾಗಕ್ಕೆ ಡಾಂಬರು. ಶಹಾಬಾದ ಫರ್ಸಿ ಮನೆಯೊಳಗೆ ಚೆಂದ, ಟ್ರ್ಯಾಕ್ಟರಿನ ಕೆಳಗೆ ಒಡೆಯುತ್ತದೆ. ಈಗಾಗಲೇ ಡಾಂಬರು ಹಾಕಿಸಿದವರು ಟ್ರೇಲರಿನ ಜಾಕಿನ ಕೆಳಗೆ ಅಗಲವಾದ ಹಲಗೆ ಇಡಿರಿ. ದಾರಿಯ ಮೇಲೆ ರವದಿ ಸುಡುವುದನ್ನಂತೂ ನಿಲ್ಲಿಸಬೇಕು. ಸುಟ್ಟ ಜಾಗದ ಡಾಂಬರು ಸತ್ವ ಕಳೆದುಕೊಂಡು ಪುಡಿಯಾಗುತ್ತದೆ.

ಗುತ್ತಿಗೆದಾರರಿಂದ ಅಂದಾಜುಪಟ್ಟಿ ಬಂದ ಕೂಡಲೇ, ಸಹಿ ಹಾಕುವ ಮೊದಲು, ತಮ್ಮ ಗಟ ಕಚೇರಿಗೆ ತನ್ನಿರಿ. ಮುರುಮದ ದಪ್ಪ, ಗಟಾರ, ಸೀಲ್ ಕೋಟ್ ಈ ಮೂರೂ ಅದರಲ್ಲಿ ಬರೆದಿವೆಯೇ ಎಂದು ಕೂಡಿ ಕುಳಿತು ಓದೋಣ.